ನೆರಳು ದಾಟುವ ತನಕ

೨೧ ನವೆಂಬರ್ ೧೯೦೯, ರವಿವಾರ
ಬಾದಾಮಿ, ಮುಸಾಫರಿ ಬಂಗಲೆ

ಮೇಬಲ್ ಅತ್ತೆಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತೇನೆ. ಬೆಟಗೇರಿಯ ಮಿಶನ್ ಬೋರ್ಡಿಂಗಿನಲ್ಲಿ ಪ್ರಾರ್ಥನೆಯ ಜೊತೆಗೆ ಕಲಿತ ಕನ್ನಡ. ಟ್ರೇನಿಂಗ್ ಸಾಲಿಯ ಹುಡುಗಿಯರು ಇದನ್ನು ಕೇಳಿ ನಗುತ್ತಾರೆ. ಇಲ್ಲಿ ಕೇಳುವವರು ಯಾರೂ ಇಲ್ಲ.

ಧಾರವಾಡದಲ್ಲಿ ಮತ್ತೆ ಪ್ಲೇಗಿನ ಇಲಿ ಬೀಳುತ್ತಿವೆ ಎಂದು ಸಾಲಿ ಮುಚ್ಚಿ, ಮೊದಲ ವರ್ಷದವರನ್ನೆಲ್ಲ ಮನೆಗೆ ಕಳಿಸಿದರು. ನನಗೆ ಯಾವ ಮನೆ? ಅಪ್ಪ ರೇಲ್ವೆಯ ಸರ್ವೇಯರ್ ಆಗಿದ್ದು, ನಾನು ತೊಟ್ಟಿಲಲ್ಲಿದ್ದಾಗಲೇ ಜ್ವರದಲ್ಲಿ ಹೋದರು. ಅವ್ವ ಈ ಕಡೆಯವಳು ಎಂಬುದಷ್ಟೇ ಗೊತ್ತು. ಯಾವ ಊರು, ಯಾವ ಮಂದಿ, ಹೇಳಲು ಯಾರೂ ಉಳಿದಿಲ್ಲ. ಅಪ್ಪನ ತಂಗಿ ಮೇಬಲ್ ಅತ್ತೆ ಈ ಚಳಿಗಾಲಕ್ಕೆ ಲಂಡನ್ನಿನಿಂದ ಬರದೇ ಇದ್ದಿದ್ದರೆ ಬೋರ್ಡಿಂಗಿನ ಉಗ್ರಾಣದಲ್ಲಿ ಮಲಗಬೇಕಿತ್ತು.

ಅತ್ತೆ ನೃತ್ಯ ಕಲಿಸುತ್ತಾರೆ. ಬೂಟಿಲ್ಲದೆ, ಬಿಗಿಯಾದ ಉಡುಪಿಲ್ಲದೆ ಕುಣಿಯುವ ಹೊಸ ಬಗೆ ಈಗ ಅಲ್ಲಿ ನಡೆದಿದೆಯಂತೆ. ಗಾಳಿ, ನೀರು, ಗುಡ್ಡ ಇವನ್ನು ನೋಡಿ ಕುಣಿತವನ್ನು ತಾವೇ ಕಟ್ಟುತ್ತಾರಂತೆ. ನಾನೂ ಇಲ್ಲಿಯ ಗುಡ್ಡ ನೋಡಿ ಒಂದನ್ನು ಕಟ್ಟಬೇಕು. ಹೊಸ ವರ್ಷದ ದಿನ ಬಾಗಲಕೋಟೆಯ ಕ್ಯಾಂಪಿನಿಂದ ಅವರ ಸ್ನೇಹಿತರು ಬರುತ್ತಾರೆ. ಅವರೆದುರು ಕುಣಿದು ತೋರಿಸಿದರೆ ನನ್ನನ್ನು ಜೊತೆಗೆ ಕರೆದೊಯ್ದು ತಮ್ಮ ಶಾಲೆಗೆ ಸೇರಿಸುತ್ತಾರೆ. ಆಗದಿದ್ದರೆ ಧಾರವಾಡ.

ಧಾರವಾಡಕ್ಕೆ ನಾನು ಹೋಗಲಾರೆ. ದಸರೆಯ ಡ್ರಿಲ್ಲಿನ ದಿನ ಸಾಲಿಗೆ ಬಂದ ಪಾಹುಣೇರು ಕುರ್ಚಿಯಲ್ಲಿ ಕೂತಿದ್ದರು. ಎಲ್ಲರೂ ಕೈ ಎತ್ತಿದರು. ನನ್ನ ಕೈ ಏಳಲಿಲ್ಲ. ಅಷ್ಟು ಕಣ್ಣುಗಳು ಮೈಮೇಲೆ ಬಿದ್ದರೆ ನನ್ನ ಕಾಲು ನೆಲಕ್ಕೆ ನೆಟ್ಟುಕೊಳ್ಳುತ್ತವೆ. ಬ್ಯಾಂಡು ನಿಂತು, ಮಂದಿ ಎದ್ದು ಹೋದ ಮೇಲೂ ನಾನು ನಿಂತೇ ಇದ್ದೆನಂತೆ. ಅಂದಿನಿಂದ ನಾನು ಎಸ್ತರ್ ಅಲ್ಲ, ಬೆಕ್ಕಿನ ಕಣ್ಣಿನ ಕಂಬ.

೨೪ ನವೆಂಬರ್

ಹೊಂಡದ ದಂಡೆಗೆ ಹೋಗಿದ್ದೆವು. ಮೂರು ಕಡೆ ಕೆಂಪು ಗುಡ್ಡ, ನಡುವೆ ಹಸಿರು ನೀರು, ನಾಲ್ಕನೆಯ ಕಡೆ ಊರು. ಅತ್ತೆ ಬೂಟು ಬಿಚ್ಚಿ ಮೆಟ್ಟಿಲ ಮೇಲೆ ನಿಂತು, ಏನು ಕಾಣುತ್ತದೋ ಅದೇ ಆಗು ಎಂದರು. ನನಗೆ ಮೊದಲು ಕಂಡದ್ದು ಮುಸ್ಯಾಗಳು, ಕರಿಮೋರೆಯ ಮಂಗಗಳು. ಒಂದರ ಹಾಗೆ ಜಿಗಿದೆ. ಅರಿವೆ ಒಗೆಯುತ್ತಿದ್ದ ಹೆಂಗಸರು ಬಡಿಯುವುದನ್ನು ನಿಲ್ಲಿಸಿದರು. ಆ ಸದ್ದು ನಿಂತದ್ದೇ ಬೆನ್ನಿಗೆ ತಟ್ಟಿದಂತಾಯಿತು.

"ಯಾಕ ತಂಗಿ, ಕಾಲಾಗ ಇರಿವಿ ಹೊಕ್ಕಾವೇನ?" ಎಂದು ಒಬ್ಬಳು ಕೇಳಿದಳು. ಉಳಿದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಗೊತ್ತು. ಆದರೂ ಕಾಲು ನೆಟ್ಟುಕೊಂಡವು. ಅತ್ತೆ ಕೈಹಿಡಿದು ಎಳೆದುಕೊಂಡು ಬರಬೇಕಾಯಿತು. ಹೊಸ ವರ್ಷದ ದಿನವೂ ಹೀಗೇ ಆದರೆ? ಅವರೆಲ್ಲ ನೋಡುವುದಕ್ಕೆಂದೇ ಬರುವವರು. ನೋಡಬೇಡಿ ಎನ್ನಲಾದೀತೇ?

ಲಂಡನ್ನಿನಲ್ಲಿ ಎಲ್ಲರ ಕಣ್ಣೂ ನನ್ನ ಕಣ್ಣಿನಂತೆ ಬೂದು, ಅಲ್ಲಿ ನನ್ನನ್ನು ಯಾರೂ ನೋಡಲಿಕ್ಕಿಲ್ಲ ಎಂದೆ. ಅತ್ತೆ ತಲೆ ಅಲ್ಲಾಡಿಸಿ, ಅಲ್ಲಿ ನಿನ್ನ ಬಣ್ಣ ನೋಡುತ್ತಾರೆ ಮಗು ಎಂದರು.

೩೦ ನವೆಂಬರ್

ಸಿಕ್ಕಿತು.

ಹೊಂಡದ ಆಚೆ, ಮೂಡಣ ದಂಡೆಯಲ್ಲಿ, ಕಟ್ಟೆಯಂತೆ ಮುಂದೆ ಚಾಚಿದ ಒಂದು ಹಾಸುಬಂಡೆಯಿದೆ. ಅರಿವೆ ಒಗೆಯುವವರು ಅಲ್ಲಿಯವರೆಗೆ ಬರುವುದಿಲ್ಲ. ಅಲ್ಲಿ ಮಧ್ಯಾಹ್ನ ಕೂತು ನೋಡಿದೆ. ಗಾಳಿಯಿಲ್ಲ, ಎಲೆ ಅಲ್ಲಾಡದು, ನೀರು ಎಣ್ಣೆಯ ಹಾಗೆ ನಿಂತಿದೆ. ಇಂಥ ಕಡೆ ಏನನ್ನು ನೋಡಿ ಕುಣಿಯಲಿ ಎಂದು ಅಳು ಬರುವ ಹೊತ್ತಿಗೆ, ಒಂದೇ ಒಂದು ಚಲಿಸುತ್ತಿರುವುದು ಕಂಡಿತು. ದಕ್ಷಿಣದ ಗುಡ್ಡದ ನೆರಳು. ನೀರಿಗೆ ಇಳಿದಿತ್ತು, ನನ್ನ ಕಡೆಗೇ ಬರುತ್ತಿತ್ತು. ಬರುವುದನ್ನು ನೋಡಬೇಕೆಂದು ಕಣ್ಣು ಮಿಟುಕಿಸದೆ ನೋಡಿದೆ. ಕಾಣಲಿಲ್ಲ. ಆದರೂ ಸಂಜೆಗೆ ಬಂಡೆ ಹತ್ತಿ, ನನ್ನ ಪಾದ ಮುಟ್ಟಿ, ಮೈಮೇಲೆ ಹಾದು ಹೋಯಿತು.

ಅಷ್ಟು ದೊಡ್ಡದು ಊರಿಗೆ ಊರೇ ಎದುರಿಗಿರುವಾಗ ಹೊಂಡ ದಾಟಿತು, ಒಬ್ಬರೂ ತಲೆ ಎತ್ತಲಿಲ್ಲ. ಅದನ್ನೇ ಕುಣಿಯುತ್ತೇನೆ.

೪ ಡಿಸೆಂಬರ್

ಉಡುಪಿನ ಬಟ್ಟೆ ಇಳಕಲ್ಲಿನಿಂದ ಬಣ್ಣ ಹಾಕಿಸಿಕೊಂಡು ಬಂತು. ಬಂಗಲೆಯ ಅಡಿಗೆ ನೋಡಿಕೊಳ್ಳುವ ಗುಲಾಬಬಿಯ ಮೈದುನ ಅಲ್ಲಿ ಬಣ್ಣಗಾರ. ಈ ಗುಡ್ಡದ ಬಣ್ಣವೇ ಬೇಕು, ಕೆಂಪೂ ಅಲ್ಲ, ಕಂದೂ ಅಲ್ಲ ಎಂದು ಹೇಳಿ, ಗುರುತಿಗೆ ಒಂದು ಹರಳು ಕಳಿಸಿದ್ದೆ. ಗುಲಾಬಬಿ ಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿ ಸೊಂಟದ ಮೇಲೆ ಕೈ ಇಟ್ಟಳು.

"ಹಸರ ಕೇಳ್ತಾರ, ಕೆಂಪ ಕೇಳ್ತಾರ, ಕುಸುಬಿ ಬಣ್ಣ ಕೇಳ್ತಾರ. ಹೊಸಾ ಅರಿವಿಗೆ ಧೂಳಿನ ಬಣ್ಣ ಕೇಳಿದಾಕಿ ನೀನ ಮೊದಲಿನಾಕಿ ನೋಡ ಬೇಟಿ. ನಮ್ಮ ಮೈದುನಗ ಹುಚ್ಚ ಹಿಡಿಯೂದೊಂದ ಬಾಕಿ."

ಉಟ್ಟು ಬಂಡೆಯ ಮೇಲೆ ನಿಂತೆ. ಅತ್ತೆ ಈಚೆ ದಂಡೆಯಿಂದ ಬಹಳ ಹೊತ್ತು ಹುಡುಕಿ, ಆಮೇಲೆ ಚಪ್ಪಾಳೆ ತಟ್ಟಿದರು. ಅವರು ಹುಡುಕುತ್ತಿದ್ದಾಗ ನನ್ನ ಎದೆ ಬಡಿದುಕೊಳ್ಳಲಿಲ್ಲ. ಎಷ್ಟು ವರ್ಷಗಳಾದವೋ, ಹಾಗೆ ಉಸಿರಾಡಿ.

೯ ಡಿಸೆಂಬರ್

ಕಷ್ಟ. ಕೈಯನ್ನು ತೊಡೆಯಿಂದ ತಲೆಯ ಮೇಲಕ್ಕೆ ಒಯ್ಯಬೇಕು, ನೆರಳು ನೀರಿಗಿಳಿದಾಗ ಹೊರಟು, ಬಂಡೆ ಹತ್ತುವಾಗ ಮುಗಿಸಬೇಕು. ಮೊದಮೊದಲು ತೋಳು ನಡುಗಿತು, ಮೂಗು ತುರಿಸಿತು, ನಾಳೆಯ ಚಿಂತೆ, ನಿನ್ನೆಯ ಚಿಂತೆ. ಚಿಂತೆಗೆ ನನಗಿಂತ ಅವಸರ ಹೆಚ್ಚು, ಅದು ಮುಂದೆ ಓಡಿಹೋಗುತ್ತದೆ. ಹೋಗಲಿ ಎಂದು ಬಿಟ್ಟರೆ ತೋಳು ತಾನೇ ಏಳುತ್ತದೆ.

ಇಂದು ಒಂದು ಓತಿಕ್ಯಾತ ತೋಳಿನ ಮೇಲೆ ಹತ್ತಿ ಕೂತು, ತಲೆ ದೂಗುತ್ತ ಬಿಸಿಲು ಕಾಯಿಸಿಕೊಂಡಿತು. ಅದರ ಕಾಲು ತಣ್ಣಗಿರಲಿಲ್ಲ, ಬಿಸಿಯೂ ಇರಲಿಲ್ಲ. ನನ್ನಷ್ಟೇ ಇತ್ತು.

ಬರುವಾಗ ಅರಿವೆ ಒಗೆಯುವವರ ನಡುವೆಯೇ ಹಾದು ಬಂದೆ. ಇರಿವಿಯ ಮಾತಾಡಿದವಳು ನನ್ನ ಕಡೆಗೇ ತಿರುಗಿ ಮೂಗು ಸೀನಿದಳು. ಯಾರೂ ನೋಡಲಿಲ್ಲ. ಎಷ್ಟು ಒಳ್ಳೆಯ ಮಂದಿ.

೧೩ ಡಿಸೆಂಬರ್

ಮೂಡಣ ದಂಡೆಯ ಹಿಂದಿನ ಬಯಲಿಗೆ ಕುರಿಯವರು ಬಂದು ಹಟ್ಟಿ ಹಾಕಿದ್ದಾರೆ. ಮಾಳಪ್ಪ, ಅವನ ಹೆಂಡತಿ ಮಾಯವ್ವ. ಕುರಿಗಾರರ ದೇವರು ಬೀರಪ್ಪನ ಒಕ್ಕಲು. ಎರಡು ರಾತ್ರಿಯಲ್ಲಿ ತೋಳ ಮೂರು ಮರಿ ಒಯ್ದಿದೆ ಎಂದು ಮಾಯವ್ವ ಬಾಯಿ ಬಡಿದುಕೊಳ್ಳುತ್ತಿದ್ದಳು.

ಅವರಲ್ಲಿ ಒಂದು ಪದ್ಧತಿ ಇದೆ. ಹಟ್ಟಿ ಹಾಕಿದಲ್ಲೆಲ್ಲ, ಕಾವಲಿಗೆ ಒಂದು ಕಲ್ಲನ್ನು ಬೀರಪ್ಪನೆಂದು ಹಿಡಿಯುತ್ತಾರೆ. ಭಂಡಾರವೆಂದು ಅರಿಸಿನ ಹಚ್ಚುತ್ತಾರೆ, ಉಣ್ಣೆಯ ದಾರ ಕಟ್ಟುತ್ತಾರೆ, ಹಟ್ಟಿ ಎದ್ದಾಗ ಕೈಮುಗಿದು ಬಿಟ್ಟು ಹೋಗುತ್ತಾರೆ. ಆದರೆ ಮನುಷ್ಯರು ತಂದು ನಿಲ್ಲಿಸಿದ ಕಲ್ಲು ನಡೆಯದು, ತಾನೇ ಎದ್ದು ನಿಂತಿರಬೇಕು. ಇಲ್ಲಿ ಎಲ್ಲ ಹಾಸುಬಂಡೆ. ಮಾಳಪ್ಪ ಅದಕ್ಕೇ ಕಂಗಾಲಾಗಿದ್ದ.

"ನಿಂತಿದ್ದ ಒಂದ ಕಲ್ಲ ಇಲ್ರಿ ಬಾಯಾರ ಈ ಊರಾಗ," ಎಂದ. "ಎಲ್ಲಾ ಮಲಗ್ಯಾವ. ಮಲಗಿದ್ದ ಕಲ್ಲ ತ್ವಾಳದಿಂದ ಏನ್ ಕಾದೀತ್ರಿ?"

ಕಂಬಳಿಯ ಅಂಚು ಸರಿಮಾಡಿಕೊಳ್ಳುತ್ತ ನನ್ನನ್ನೇ ದಿಟ್ಟಿಸಿ ಹೇಳಿದ. ಅಂದರೆ ಅವನಿಗೆ ಕಂಡೆ. ಒಂದು ಕ್ಷಣ ಬೇಸರವಾಯಿತು.

೧೭ ಡಿಸೆಂಬರ್

ಸಂಜೆ ಬಂಗಲೆಗೆ ಬಂದಾಗ ಗುಲಾಬಬಿ, ಹಣೆಗೇನು ಹಚ್ಚಿಕೊಂಡಿದ್ದೀ ಎಂದು ಕೇಳಿದಳು. ಒರೆಸಿ ನೋಡಿದರೆ ಅರಿಸಿನ. ಎಲ್ಲಿಂದ ಬಂತೋ. ನಡುವೆ ಕಣ್ಣು ಮುಚ್ಚಿದ್ದೆ, ಯಾವುದೋ ಹೂವಿನ ಧೂಳಿರಬಹುದು.

ಗುಲಾಬಬಿ ಕೈಹಿಡಿದು ನೋಡಿ, ಹೊತ್ತು ಮುಳುಗಿದರೂ ಕೈ ಹಂಚಿನ ಹಾಗೆ ಸುಡುತ್ತಿದೆ, ಬೆಳಗ್ಗೆ ನೋಡಿದರೆ ಮಂಜಿನಂತಿತ್ತು ಎಂದು ಅತ್ತೆಗೆ ಹೇಳಿದಳು. ಅತ್ತೆ ಥರ್ಮಾಮೀಟರು ಬಾಯಲ್ಲಿಟ್ಟು, ಅದು ಕೆಟ್ಟಿರಬೇಕು ಎಂದು ಝಾಡಿಸಿದರು. ಮಲಗಿದರೆ ಮಂಚದ ನವಾರ ನೆಲ ಮುಟ್ಟುತ್ತದೆ. ಅದಕ್ಕೂ ಗುಲಾಬಬಿಯ ಒಂದು ಮಾತು:

"ಉಣ್ಣೂದ ನೋಡಿದರ ಗುಬ್ಬಿ. ಮಂಚಾ ಕೇಳಿದರ ಎಮ್ಮಿ ಅಂತೈತಿ."

ನಕ್ಕೆ. ನಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

೧೯ ಡಿಸೆಂಬರ್

ತೋಳ ಬಂದಿತ್ತು. ನೆರಳಿನ ಅಂಚಿನಲ್ಲಿ ನೀರು ಕುಡಿಯಿತು. ತಲೆ ಎತ್ತಿ ನೋಡಿತು. ಇಷ್ಟು ದಿನದಲ್ಲಿ ಹಾಗೆ ನೋಡಿದ್ದು ಅದೊಂದೇ. ಕಾಲು ನೆಟ್ಟುಕೊಳ್ಳಲಿಲ್ಲ. ಮೊದಲೇ ನೆಟ್ಟಿದ್ದವು.

ಕಿವಿ ಹಿಂದಕ್ಕೆ ಮಾಡಿ, ಬಾಲ ಮುದುರಿ, ಬಂದ ದಾರಿಯಲ್ಲೇ ಹೋಯಿತು.

೨೩ ಡಿಸೆಂಬರ್

ಈಗ ಬೆಳಗ್ಗೆಯೇ ಹೋಗುವುದು ರೂಢಿಯಾಗಿದೆ. ನೆರಳು ಬರುವ ಮುಂಚೆ ನಿಂತಿದ್ದರೆ ಒಳ್ಳೆಯದು.

ಮಾಯವ್ವ ಬಂದಳು. ಬುಟ್ಟಿ ಇಳಿಸಿ, ನೀರು ಚಿಮುಕಿಸಿ, ಹಣೆಗೆ ಭಂಡಾರ ಹಚ್ಚಿದಳು. ಮಣಿಕಟ್ಟಿಗೆ ಕರಿ ಉಣ್ಣೆಯ ದಾರ ಕಟ್ಟಿದಳು. ಅವಳ ಬೆರಳು ಒರಟು, ಆದರೆ ಮೆಲ್ಲಗೆ ಕಟ್ಟಿದಳು, ತಲೆ ಬಾಚುವವರ ಹಾಗೆ. ನನ್ನ ತಲೆ ಯಾರಾದರೂ ಬಾಚಿದ್ದರೋ ಇಲ್ಲವೋ, ನೆನಪಿಲ್ಲ.

"ನೀ ಎದ್ದ ನಿಂತಾಗಿನಿಂದ ಒಂದ ಮರಿ ಹೋಗಿಲ್ಲಪ್ಪಾ," ಎಂದಳು. "ಈಗ ಹದಿನಾರ ಕುರಿ ಗಬ್ಬ ಅದಾವು. ಈಯೂತನಾ ಇಲ್ಲೇ ನಿಂದ್ರು. ಎಲ್ಲಿಗೂ ಹೋಗಬ್ಯಾಡ."

ನಾನು ಎಸ್ತರ್, ಬಂಗಲೆಯವಳು ಎಂದು ಹೇಳಬೇಕಿತ್ತು. ಆದರೆ ತೋಳು ಅರ್ಧ ದಾರಿಯಲ್ಲಿತ್ತು. ನೆರಳು ದಾಟಿದ ಮೇಲೆ ಹೇಳೋಣವೆಂದರೆ, ಅಷ್ಟರಲ್ಲಿ ಅವಳು ಹೋಗಿದ್ದಳು.

೨೫ ಡಿಸೆಂಬರ್

ಕ್ರಿಸ್ಮಸ್. ಅತ್ತೆ ಬೆಳಗಾವಿಯಿಂದ ಕೇಕು ತರಿಸಿದ್ದರು. ತಿಂದಾಗ ಬಾಯಿಗೆ ಯಾವ ರುಚಿಯೂ ಹತ್ತಲಿಲ್ಲ. ಇಷ್ಟು ದಿನ ಕಟ್ಟಿದ್ದನ್ನು ತೋರಿಸು ಎಂದು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ತೋರಿಸಿದೆ. ಮುಗಿದು ಕೈ ಇಳಿದ ಮೇಲೆ ಅತ್ತೆ ಪುಸ್ತಕದಿಂದ ತಲೆ ಎತ್ತಿ, ಹೂಂ, ಇನ್ನು ಶುರು ಮಾಡು ಎಂದರು.

ಗುಲಾಬಬಿ ಚಹಾ ಇಡುತ್ತ ಹೇಳಿದಳು, ಹೊಂಡದಾಚೆ ಹೊಸ ದೇವರು ಎದ್ದಿದೆಯಂತೆ, ತನ್ನಿಂದ ತಾನೇ. ಕುರಿಯವರಷ್ಟೇ ಅಲ್ಲ, ಊರವರೂ ಹೋಗಿ ಬೇಡಿಕೊಂಡು ಬರುತ್ತಿದ್ದಾರಂತೆ. ಬಿಡುವಾದರೆ ತಾನೂ ಒಮ್ಮೆ ಹೋಗಬೇಕು ಎಂದಳು. ನೀನು ದಿನಾ ಅಲ್ಲೇ ಇರುತ್ತೀಯಲ್ಲ, ನೋಡಿದೆಯಾ ಎಂದು ಕೇಳಿದಳು. ನೋಡಿಲ್ಲ ಎಂದೆ. ನಿಜವೇ, ಅಲ್ಲಿ ಬೇರೆ ಯಾವುದನ್ನೂ ನೋಡಿಲ್ಲ.

೧ ಜನೆವರಿ ೧೯೧೦

ಬೆಳಗಿನಿಂದಲೇ ಬಂಡೆಯ ಮೇಲೆ. ನೆರಳು ನೀರಿಗಿಳಿದಾಗ ಟಾಂಗಾಗಳು ಬಂದವು. ಎದುರಿನ ಮೆಟ್ಟಿಲಿನ ಮೇಲೆ ಛತ್ರಿ, ಟೊಪ್ಪಿಗೆ, ಬಿಳಿ ಗೌನು. ಅಷ್ಟು ಕಣ್ಣುಗಳು ಈ ಕಡೆಗೇ. ಹೆದರಿಕೆ ಆಗಲಿಲ್ಲ. ತೋಳು ಎದ್ದಿತು, ಕತ್ತು ತಿರುಗಿತು, ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ. ಎಲ್ಲಿಯೂ ತಡೆಯಲಿಲ್ಲ. ಅತ್ತೆ ನೋಡಿದ್ದರೆ ಖಂಡಿತ ಎದ್ದು ನಿಲ್ಲುತ್ತಿದ್ದರು.

ಅತ್ತೆ ಎದ್ದು ನಿಂತರು. ಎಸ್ತರ್, ಎಸ್ತರ್ ಎಂದು ಕೂಗಿದರು. ಗುಡ್ಡಗಳೂ ಒಂದೊಂದಾಗಿ ಕೂಗಿದವು. ಒಬ್ಬ ದೊರೆ ಗಡಿಯಾರ ನೋಡಿಕೊಂಡ. ದುರ್ಬೀನು ಹಿಡಿದ ಹೆಂಗಸು ಈ ಬಂಡೆಯ ಕಡೆ ಬೆರಳು ಮಾಡಿ, ಹಳದಿ ಬಳಿದ ಆ ಕಲ್ಲು ಎಷ್ಟು ಹಳೆಯದು ಎಂದು ಕೇಳಿದಳು. ನೀರಿನ ಮೇಲೆ ಮಾತು ಸ್ಪಷ್ಟವಾಗಿ ಬರುತ್ತದೆ. ನೆರಳು ಪಾದ ಮುಟ್ಟುವ ಮೊದಲೇ ಟಾಂಗಾಗಳು ಹೋದವು.

೨ ಜನೆವರಿ

ಹೆದರಿ ಅಡಗಿಕೊಂಡೆಯಾ ಎಂದು ಅತ್ತೆ ಕೇಳಿದರು. ಅಲ್ಲೇ ಇದ್ದೆ ಎಂದೆ. ಬಹಳ ಹೊತ್ತು ಮುಖ ನೋಡಿದರು. ಕಣ್ಣು ನನ್ನ ಮೇಲೆ ನಿಲ್ಲಲು ಒದ್ದಾಡುತ್ತಿದ್ದವು, ಸರಿದು ಗೋಡೆಗೆ ಹೋಗುತ್ತಿದ್ದವು. ಆಮೇಲೆ ಅವರೇ ಅತ್ತರು. ನೃತ್ಯ ಹಾಳಾಗಿ ಹೋಗಲಿ, ನೀನು ನನ್ನ ಅಣ್ಣನ ಮಗಳು, ಕುಣಿದರೂ ಸರಿ, ಕುಣಿಯದಿದ್ದರೂ ಸರಿ, ಕರೆದುಕೊಂಡು ಹೋಗುತ್ತೇನೆ ಎಂದರು. ಬುಧವಾರ ಮಧ್ಯಾಹ್ನದ ಗಾಡಿ. ಮುಂಬಯಿಯಿಂದ ಹಡಗು.

ಬರುತ್ತೇನೆ ಎಂದೆ. ಬೇಕಾದದ್ದು ಇದೇ ಆಗಿತ್ತಲ್ಲ. ಬುಧವಾರ ಬೆಳಗ್ಗೆ ಒಂದು ಸಲ ಹೋಗಿ ಬಂದುಬಿಡುವುದು. ಮಾಯವ್ವನಿಗೆ ಹೇಳದೆ ಹೋಗಬಾರದು. ಕುರಿ ಈಯುವುದೂ ಶುರುವಾಗಿದೆ.

೫ ಜನೆವರಿ, ಬುಧವಾರ

ಬಂಡೆಯ ಸೀಳಿನಲ್ಲಿ ಈ ಪುಸ್ತಕ, ಪೆನ್ಸಿಲು. ಬೆರಳು ಮಡಚಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ನಿಧಾನ.

ಟಾಂಗಾದವನು ಕೂಗಿ ಹೋದ. ಅತ್ತೆ ಮೆಟ್ಟಿಲುಗಳ ಮೇಲೆ ಓಡಾಡಿ, ಊರವರನ್ನೆಲ್ಲ ಕರೆದು, ನೀರಿಗೆ ಗಾಳ ಹಾಕಿಸಿ ಹುಡುಕಿಸಿದರು. ನೀರು ಕಲಕಿತು. ಮತ್ತೆ ನಿಂತಿತು. ಗಾಡಿಯ ಸೀಟಿ ಕೇಳಿತು. ಅದು ಯಾವ ಕಡೆಯ ಗಾಡಿಯೋ.

ಆಮೇಲೆ ಗುಲಾಬಬಿ ಬಂದಳು, ಒಬ್ಬಳೇ, ಕಾಲಲ್ಲಿ ಚಪ್ಪಲಿಯೂ ಇಲ್ಲದೆ. ಕೂಗಿ ಕೂಗಿ ಗಂಟಲು ಹೋಗಿತ್ತು. ಎದುರಿಗೆ ನಿಂತು ಭಂಡಾರ ನೋಡಿದಳು, ದಾರ ನೋಡಿದಳು. ತನ್ನ ದುಪಟ್ಟಾದಿಂದ ಹಣೆಯ ಮೇಲಿದ್ದ ಹಕ್ಕಿಯ ಹೊಲಸು ಒರೆಸಿದಳು.

"ನಾ ನಿನ್ನ ಮಂದಿ ಅಲ್ಲ," ಎಂದಳು. "ನಿನಗ ಹೆಂಗ ಬೇಡ್ಕೋಬೇಕ ಅನ್ನೂದೂ ನನಗ ಗೊತ್ತಿಲ್ಲ. ಕುರಿ ಕಾಯ್ತಿಯಂತ, ಕೇಳಿದ್ದ ಕೊಡ್ತಿಯಂತ. ನಮ್ಮ ಹುಡಿಗೀನ ಕೊಡು. ಮತ್ತೇನೂ ಬ್ಯಾಡ ನನಗ."

ನಮ್ಮ ಹುಡಿಗಿ ಅಂದಳು.

ಕೈ ಕೆಳಗಿಳಿಸಿದ್ದರೆ ಅವಳ ತಲೆಗೆ ತಾಗುತ್ತಿತ್ತು. ಇಳಿಸಬೇಕೆಂದಿತ್ತು, ಹೊರಟಿತ್ತು ಕೂಡ. ಆದರೆ ಅಷ್ಟರಲ್ಲಿ ಅವಳು ಸೋತು ಕೂತು, ಬೆನ್ನು ಒರಗಿಸಿ ಅಳಲು ಶುರು ಮಾಡಿದಳು. ಬೆನ್ನು ಬೆಚ್ಚಗಿದೆ. ಪೂರ್ತಿ ಭಾರ ಹಾಕಿ ಒರಗಿದ್ದಾಳೆ. ಈಗ ಅಲ್ಲಾಡಿದರೆ ಬೀಳುತ್ತಾಳೆ.

ನೆರಳು ಮೊಣಕಾಲಿಗೆ ಬಂದಿದೆ. ದಾಟಲಿ. ಆಮೇಲೆ ಓ ಅನ್ನುತ್ತೇನೆ.